ಫೋರ್ಮನ್ನರು ಆರಿಸಿಕೊಟ್ಟ ಸೂಪರ್‌ಚಾರ್ಜರ್

ಹೋದ ತಿಂಗಳು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಹತ್ತಿರದ ಗಿರಣಿಯಲ್ಲಿ ಜೋಳ ಬೀಸಲು ಕೊಟ್ಟು ನಿಂತಿದ್ದೆ. ಇದ್ದಕ್ಕಿದ್ದಂತೆ ಬೆಲ್ಟು ಜಾರಿ, ಕಿರ್ರೆಂದು ಸದ್ದು ಮಾಡಿ, ರಬ್ಬರ್ ಸುಟ್ಟ ವಾಸನೆ ಬಂತು. ಗಿರಣಿಯವನು ಸ್ವಿಚ್ ಆರಿಸಿ ಬೆಲ್ಟು ಸರಿಮಾಡಿ ಮತ್ತೆ ಶುರು ಮಾಡಿದ. ಹಿಟ್ಟಿನ ಡಬ್ಬಿ ಹಿಡಿದು ಮನೆಗೆ ಬಂದೆನೇನೋ ನಿಜ, ಮನಸ್ಸು ಮಾತ್ರ ಹರಿಹರದ ರಸ್ತೆಯಲ್ಲೇ ನಿಂತಿತ್ತು...

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಭಾನುವಳ್ಳಿಯಲ್ಲಿ ನಮ್ಮಪ್ಪನ ಅಕ್ಕಿ ಗಿರಣಿ ಇತ್ತು. ಬೆಳಿಗ್ಗೆ ದಾವಣಗೆರೆಯಿಂದ ಹೊರಟು ಹರಿಹರದ ಮೇಲೆ ಗಿರಣಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ನನಗಾಗ ಇಪ್ಪತ್ತೇಳು ವರ್ಷ, ಕಾರಿನ ಹುಚ್ಚು. ಸಾವಿರದ ಮುನ್ನೂರು ಸಿಸಿಯ ಬಿಳಿ ಕಾರು ನನ್ನದು. ಅದನ್ನು ಊರಿನಲ್ಲೇ ಜೋರಾದ ಕಾರು ಮಾಡಬೇಕೆಂದು ಮುಂಬೈಯ ಗುಜರಿ ಬಜಾರಿಗೆ ಹೋಗಿ, ಹೊರದೇಶದ ಹಳೇ ಕಾರುಗಳಿಂದ ಬಿಚ್ಚಿದ ಎರಡು ಸೂಪರ್‌ಚಾರ್ಜರ್ ತಂದಿದ್ದೆ. ಇಂಜಿನ್ನು ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ಒತ್ತಿ ತುಂಬುವ ಯಂತ್ರ ಅದು. ಬೆಲ್ಟು ಹಾಕಿದರೆ ಇಂಜಿನ್ನೇ ಅದನ್ನು ತಿರುಗಿಸುತ್ತದೆ. ಒಂದು ತೆಂಗಿನಕಾಯಿಗಿಂತ ತುಸು ದೊಡ್ಡದು, ಇನ್ನೊಂದು ಕುಂಬಳಕಾಯಿಯಷ್ಟು. ನನ್ನ ಕಣ್ಣೆಲ್ಲ ದೊಡ್ಡದರ ಮೇಲೆ.

ಅವೆರಡನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿದ್ದು ಹರಿಹರದ ಫೋರ್ಮನ್ನರ ಹತ್ತಿರ. ಕಾರ್ಖಾನೆಯೊಂದರಲ್ಲಿ ಫೋರ್ಮನ್ ಆಗಿದ್ದು, ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ಮನೆ ಮುಂದೆಯೇ ತಗಡಿನ ಶೆಡ್ಡು ಕಟ್ಟಿ ಒಂದು ಲೇತ್ ಮಷಿನ್ ಇಟ್ಟುಕೊಂಡಿದ್ದರು. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ, ಊರಿಗೆಲ್ಲ ಅವರು ಫೋರ್ಮನ್ನರೇ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಹ್ಯಾಕ್ಸಾ ಬ್ಲೇಡು ಮಸೆದು ಮಾಡಿದ ಸಣ್ಣ ಚಾಕು. ನನ್ನನ್ನು ತಮ್ಮಾ ಅನ್ನುತ್ತಿದ್ದರು, ಹೆಂಡತಿಯ ಮಾತು ಬಂದರೆ ನಿಮ್ಮಕ್ಕ ಅನ್ನುತ್ತಿದ್ದರು.

ಎರಡನ್ನೂ ಮೇಜಿನ ಮೇಲಿಟ್ಟು, ಕೈಯಲ್ಲಿ ತಿರುಗಿಸಿ ನೋಡಿದರು.

"ದೊಡ್ಡದು ಹಾಕ್ರಿ," ಅಂದೆ.

"ತಡಿ ತಮ್ಮಾ. ಮದ್ಲು ನೀನು ಗಾಡಿ ಹೆಂಗೆ ಓಡಿಸ್ತಿ ನೋಡ್ಬೇಕು."

ನಾನು ತಮಾಷೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ನಿಜವಾಗಿಯೂ ಹತ್ತಿ ನನ್ನ ಪಕ್ಕ ಕೂತರು. ತೊಡೆಯ ಮೇಲೆ ನೋಟ್ ಬುಕ್ಕು, ಕಣ್ಣು ಇಂಜಿನ್ ಸುತ್ತು ತೋರಿಸುವ ಮುಳ್ಳಿನ ಮೇಲೆ. ನಿಮಿಷಕ್ಕೊಂದು ಸಲ ಬರೆದುಕೊಳ್ಳುವರು. ಭತ್ತದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗಲೂ ಬರೆಯುವರು, ನಾಲೆ ಏರಿಯ ಮೇಲೆ ಎಮ್ಮೆಗಳಿಗೆ ದಾರಿ ಬಿಟ್ಟು ನಿಂತಾಗಲೂ ಬರೆಯುವರು. ಹೀಗೆ ನಾಲ್ಕು ದಿನ, ಹೋಗುವಾಗ ಬರುವಾಗ ಎರಡೂ ಹೊತ್ತು. ಐದನೇ ದಿನ ಶೆಡ್ಡಿನಲ್ಲಿ ಕೂಡಿಸಿ ಲೆಕ್ಕ ಹೇಳಿದರು.

"ನೀನು ರಸ್ತೆ ಮ್ಯಾಲಿರೋ ಹೊತ್ತಿನಾಗ ಮುಕ್ಕಾಲು ಪಾಲು ಮೂರು ಸಾವಿರದ ಒಳಗೇ ಐತೆ ಮುಳ್ಳು. ನಾಲ್ಕು ಸಾವಿರ ದಾಟೋದು ಹೈವೇದಾಗ ಒಂದೀಟು. ನಿನ್ನ ಇಂಜಿನ್ ಎರಡು ಸುತ್ತಿಗೆ ಸಾವಿರದ ಮುನ್ನೂರು, ಅಂದ್ರೆ ಒಂದು ಸುತ್ತಿಗೆ ಆರುನೂರೈವತ್ತು ಸಿಸಿ ಗಾಳಿ ಕುಡಿತೈತೆ. ಈ ದೊಡ್ಡದು ಒಂದು ಸುತ್ತಿಗೆ ಸಾವಿರದಿನ್ನೂರು ಕೊಡ್ತೈತೆ. ಎಲ್ಲಿ ಹಿಡಿಸ್ತಿ? ಪಿಸ್ಟನ್ ಒಡ್ಕೊಂಡು ಕೂಡ್ತಿ. ಅದನ್ನ ನಿಧಾನ ತಿರುಗಿಸೋಣಂದ್ರೆ ಗಾಳಿ ಒಳಗೇ ಸೋರ್ತೈತೆ, ಇಂಜಿನ್ನಿಗೆ ಸುಮ್ನೆ ಭಾರ. ಸಣ್ಣದು ಐದುನೂರು ಕೊಡ್ತೈತೆ. ಇಂಜಿನ್ ಒಂದು ಸುತ್ತು ಹೊಡ್ದಾಗ ಇದು ಒಂದೂವರೆ ಸುತ್ತಿಗಿಂತ ಚೂರು ಜಾಸ್ತಿ ಹೊಡಿಯೋಹಂಗೆ ಬೆಲ್ಟಿನ ಗಾಲಿ, ಪುಲ್ಲಿ, ಮಾಡ್ತೀನಿ. ದಿನಾ ಓಡ್ಸೋ ಗಾಡಿಗೆ ಅಷ್ಟು ಸಾಕು."

"ಆಮೇಲೆ ಇನ್ನೂ ಜೋರು ಬೇಕು ಅನ್ನಿಸಿದ್ರೆ, ಇದನ್ನೇ ಜೋರಾಗಿ ತಿರುಗಿಸಬಹುದಲ್ಲ?"

"ಬ್ಯಾಡ. ಅದರ ಮಿತಿ ದಾಟಿಸಿದ್ರೆ ಅದು ಗಾಳಿ ತುಂಬಂಗಿಲ್ಲ, ಗಾಳಿ ಕಾಯಿಸ್ತೈತೆ. ಕಾದ ಗಾಳಿ ಹೋದ್ರೆ ಒಳಗೆ ಪೆಟ್ರೋಲು ಹೊತ್ತಿಗೆ ಮುಂಚೆ ಹತ್ತಿ ಇಂಜಿನ್ ಟಕಟಕ ನಾಕ್ ಹೊಡಿತೈತೆ. ಎಲ್ಲೋ ಒಂದು ಕಡೆ ನಡುದಾರ್‍ಯಾಗ ಬಿಟ್ಟುಬಿಡ್ತೈತೆ."

ಹಾಗೆ ಸಣ್ಣದೇ ಕೂತಿತು. ಇಂಜಿನ್ನು ತಣ್ಣಗಿಡುವ ನೀರಿನ ಪಂಪಿನ ಬೆಲ್ಟಿಗೆ ಸೇರಿಸದೆ ಅದಕ್ಕೆಂದೇ ಬೇರೆ ಬೆಲ್ಟು ಕೊಟ್ಟರು. ಕಾರು ಚಿಗರೆಯಂತಾಯಿತು. ಮೂರನೇ ಗೇರಿನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು.

ಬೇಸಿಗೆ ಹೊತ್ತಿಗೆ ಹುಬ್ಬಳ್ಳಿಯಿಂದ ನನ್ನ ದೊಡ್ಡಪ್ಪನ ಮಗ ಹೊಸ ದೊಡ್ಡ ಕಾರಿನಲ್ಲಿ ಬಂದ. ಹೈವೇಯಲ್ಲಿ ಆಟಕ್ಕೆಂದು ಇಬ್ಬರೂ ಓಡಿಸಿದೆವು. ಅವನು ನನ್ನನ್ನು ಹಿಂದೆ ಹಾಕಿ, ಢಾಬಾದ ಮುಂದೆ ನಿಲ್ಲಿಸಿಕೊಂಡು, ನಾನು ಬರುವಷ್ಟರಲ್ಲಿ ಚಹಾ ಹೇಳಿದ್ದ. ಎಲ್ಲರೂ ನಕ್ಕರು. ಆ ನಗು ನನಗೆ ವಾರವಿಡೀ ಕೊರೆಯಿತು. ಫೋರ್ಮನ್ನರನ್ನು ಕೇಳಿದರೆ ಬ್ಯಾಡ ಅನ್ನುತ್ತಾರೆ ಅಂತ ಗೊತ್ತಿತ್ತು. ಕೇಳಲಿಲ್ಲ. ದಾವಣಗೆರೆಯಲ್ಲೇ ಇನ್ನೊಂದು ಲೇತ್‌ನಲ್ಲಿ ಸಣ್ಣ ಪುಲ್ಲಿ ಮಾಡಿಸಿ ಹಾಕಿಸಿದೆ. ಪುಲ್ಲಿ ಸಣ್ಣದಾದಷ್ಟೂ ಸೂಪರ್‌ಚಾರ್ಜರ್ ಜೋರಾಗಿ ತಿರುಗುತ್ತದೆ. ಆಮೇಲೆ ಎಂಟು ದಿನ ಹರಿಹರದಲ್ಲಿ ಅವರ ಓಣಿ ತಪ್ಪಿಸಿ ಓಡಾಡಿದೆ. ಅವರ ಕಿವಿಗೆ ಸದ್ದು ಬಿದ್ದರೆ ಸಾಕಿತ್ತು, ಗೊತ್ತಾಗಿಬಿಡುತ್ತಿತ್ತು.

ಒಂಬತ್ತನೇ ದಿನ ಮಧ್ಯಾಹ್ನ ಗಿರಣಿಯ ಫೋನು ಬಡಿದುಕೊಂಡಿತು. ಫೋರ್ಮನ್ನರು.

"ತಮ್ಮಾ, ಕಾರು ತಗೊಂಡು ಬಾ. ನಿಮ್ಮಕ್ಕಗೆ ಎದಿ ನೋವು. ಮೈಯೆಲ್ಲ ಬೆವರು. ಇಲ್ಲಿ ಡಾಕ್ಟ್ರು ದಾವಣಗೆರೆಗೆ ಒಯ್ರಿ, ತಡ ಮಾಡಬ್ಯಾಡ್ರಿ ಅಂದ್ರು. ಆಂಬುಲೆನ್ಸ್ ಎಲ್ಲೋ ಹೋಗೈತಂತೆ. ನಿನ್ನ ಗಾಡಿಗಿಂತ ಜಲ್ದಿ ಯಾವುದು ಐತೆ?"

ಭಾನುವಳ್ಳಿಯಿಂದ ಹರಿಹರಕ್ಕೆ ಹೇಗೆ ಬಂದೆನೋ ನನಗೇ ತಿಳಿಯದು. ಏಪ್ರಿಲ್ ಬಿಸಿಲು, ಡಾಂಬರು ಕರಗಿ ಟೈರಿಗೆ ಅಂಟುತ್ತಿತ್ತು. ಅವರ ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಫೋರ್ಮನ್ನರು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಕೆಯ ಮುಖ ಬೂದಿಯಂತಾಗಿತ್ತು.

ಹೈವೇಗೆ ಬಂದವನೇ ಪೂರ್ತಿ ಒತ್ತಿದೆ. ಎರಡು ಲಾರಿ ದಾಟಿದೆ. ಮೂರನೆಯದನ್ನು ದಾಟುವಾಗ ಕೇಳಿಸಿತು: ತಗಡಿನ ಡಬ್ಬಿಯಲ್ಲಿ ಗುಂಡು ಹಾಕಿ ಅಲ್ಲಾಡಿಸಿದಂತೆ. ಕನ್ನಡಿಯಲ್ಲಿ ನೋಡಿದೆ. ಹೆಂಡತಿಯ ಮುಖ ನೋಡುತ್ತಿದ್ದ ಫೋರ್ಮನ್ನರು ತಲೆ ಎತ್ತಿದ್ದರು.

"ಕಾಲು ಎತ್ತು."

ಎತ್ತಿದೆ. ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ಬಿಸಿಯ ಮುಳ್ಳು ಕೆಂಪಿನ ಕಡೆ ಏರುತ್ತಿತ್ತು. ರಬ್ಬರ್ ಸುಟ್ಟ ವಾಸನೆ ಒಳಗೆ ಬಂತು.

"ಪುಲ್ಲಿ ಯಾರು ಬದಲು ಮಾಡಿದ್ರು?"

"ನಾನೇ ಮಾಡಿಸಿದೆ..."

ಹಾಗೇ ಹೋದರೆ ಇಂಜಿನ್ನು ಆಸ್ಪತ್ರೆ ಮುಟ್ಟುವುದಿಲ್ಲ. ನಿಲ್ಲಿಸಿದರೆ ಹೊತ್ತು ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಕೂತು ಅವರು ಅದನ್ನು ತೂಗಿ ನೋಡುತ್ತಿದ್ದುದು ನನಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. ಎಷ್ಟು ಹೊತ್ತೋ, ಹತ್ತು ಸೆಕೆಂಡೋ.

"ಆ ಹುಣಸೆಮರದ ಕೆಳಗೆ ನಿಲ್ಸು. ಇಂಜಿನ್ ಬಂದ್ ಮಾಡು. ನೀನು ಹಿಂದೆ ಬಂದು ಈಕಿ ತಲಿ ಹಿಡ್ಕೊ."

ನಾನು ಹಿಂದೆ ಹೋಗಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕೂದಲೆಲ್ಲ ಒದ್ದೆ. ಬಾನೆಟ್ ಎತ್ತಿದ ಸದ್ದು. ಅವರ ಜೇಬಿನ ಚಾಕು ಬೆಲ್ಟಿನ ಮೇಲೆ ಕರಕರ ಓಡಿದ್ದು ಕೇಳುತ್ತಿತ್ತು. ಒಮ್ಮೆ ಅವರು ಸ್ಸ್ ಎಂದರು. ಆಕೆ ಕಣ್ಣು ಮುಚ್ಚಿಕೊಂಡೇ ನನ್ನ ಕೈ ತಡಕಿ ಹಿಡಿದುಕೊಂಡು, ಗಂಡನೆಂದು ತಿಳಿದು ಕೇಳಿದರು: "ಬಂತೇನ್ರಿ ದಾವಣಗೆರೆ?"

"ಬಂತು," ಅಂದೆ. ಇನ್ನೂ ಅರ್ಧ ದಾರಿ ಬಾಕಿ ಇತ್ತು.

ಸೂಪರ್‌ಚಾರ್ಜರ್ ತಿರುಗಿಸುವ ಬೆಲ್ಟು ತುಂಡಾಗಿ ಬಿತ್ತು, ಇನ್ನು ಅದು ಕಾದ ಗಾಳಿ ಒತ್ತುವಂತಿರಲಿಲ್ಲ. ನೀರಿನ ಪಂಪಿನ ಬೆಲ್ಟು ಬೇರೆ ಇದ್ದುದರಿಂದ ಇಂಜಿನ್ನು ತಣ್ಣಗಾಗುವ ದಾರಿ ಉಳಿದಿತ್ತು. ಅವರು ಬಂದು ಕೂತಾಗ, ಕಾದ ಇಂಜಿನ್ನಿಗೆ ತಾಗಿ ಬಲ ಅಂಗೈಯ ಚರ್ಮ ಸುಟ್ಟು ಸುಲಿದಿತ್ತು.

"ಈಗ ನಾ ಹೇಳಿದಂಗೆ ಓಡ್ಸು. ಎರಡೂವರೆ ಸಾವಿರ ದಾಟಿಸಬ್ಯಾಡ. ದಾರಿ ಬಿಟ್ಟು ಬ್ಯಾರೆ ಏನೂ ನೋಡಬ್ಯಾಡ."

ತಿರುಗದೆ ಕೂತ ಸೂಪರ್‌ಚಾರ್ಜರಿನ ಸಂದಿಯಿಂದ ಗಾಳಿ ಎಳೆದುಕೊಂಡು ಕಾರು ದಮ್ಮಿನ ರೋಗಿಯಂತೆ ತೆವಳಿತು. ಹಿಂದಿನಿಂದ ಬಂದ ಲಾರಿಗಳೆಲ್ಲ ನಮ್ಮನ್ನು ದಾಟಿ ಹೋದವು. ಊರೊಳಗಿನ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಫೋರ್ಮನ್ನರು ಹೆಂಡತಿಯ ನಾಡಿಯ ಮೇಲೆ ಎರಡು ಬೆರಳಿಟ್ಟು ಕಿಟಕಿಯ ಆಚೆ ಎಲ್ಲೋ ನೋಡುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದರೋ, ಶಿವನಾಮ ಹೇಳುತ್ತಿದ್ದರೋ...

ಆಕೆ ಬದುಕಿದರು. ಸಂಜೆ ಡಾಕ್ಟರು ಹೊರಗೆ ಬಂದು ಗಂಡಾಂತರ ಕಳೆಯಿತು ಅಂದಾಗ ಫೋರ್ಮನ್ನರು ಬೆಂಚಿನ ಮೇಲೆ ಕೂತರು. ನಾನು ಎದುರಿಗೆ ನಿಂತೇ ಇದ್ದೆ. ಅವರ ಕೈಗೆ ನರ್ಸ್ ಕಟ್ಟಿದ ಬ್ಯಾಂಡೇಜು.

"ನಾಲ್ಕು ದಿನ ನಿನ್ನ ಜೋಡಿ ಕೂತು ಬರ್ಕೊಂಡೆ," ಅಂದರು, ಸಿಟ್ಟಿಲ್ಲದ ದನಿಯಲ್ಲಿ. "ನನ್ನ ಲೆಕ್ಕ ಒಪ್ಪಿಗೆ ಆಗ್ಲಿಲ್ಲಂದ್ರೆ ಮುಖದ ಮೇಲೆ ಹೇಳಬೇಕಿತ್ತು. ಮುಚ್ಚಿಟ್ಟೆ ಯಾಕ?"

ತಪ್ಪಾಯಿತು ಅನ್ನುವ ಒಂದು ಮಾತು ನಾನು ಆಡಬೇಕಿತ್ತು, ಆಡಲಿಲ್ಲ. ಔಷಧಿ ತರುತ್ತೇನೆ ಅಂತ ಹೇಳಿ ಮೆಟ್ಟಿಲಿಳಿದೆ.

ಆಕೆ ಮನೆಗೆ ಬಂದ ಮೇಲೆ ಅವರೇ ಹೇಳಿಕಳಿಸಿ ಕಾರು ತರಿಸಿಕೊಂಡರು. ಇಂಜಿನ್ ಬಿಚ್ಚಿದಾಗ ಎರಡು ಪಿಸ್ಟನ್ನಿನ ಅಂಚು ಇಲಿ ಕಡಿದಂತೆ ಕರಗಿತ್ತು. ವಾಸಿಯಾಗದ ಕೈಯಲ್ಲೇ ಎಲ್ಲ ಸರಿಮಾಡಿ, ತಾವು ಮಾಡಿದ್ದ ಮೊದಲಿನ ಪುಲ್ಲಿಯನ್ನೇ ಹಾಕಿದರು. ಕೆಲಸದಲ್ಲಿ ಕೂದಲೆಳೆಯಷ್ಟೂ ಕೊರತೆ ಇರಲಿಲ್ಲ. ಬೀಗದ ಕೈ ಕೊಡುವಾಗ ಮಾತ್ರ, "ನೋಡ್ಕೊಳ್ರಿ ಸಾವ್ಕಾರ್ರೇ, ಎಲ್ಲಾ ಸರಿ ಐತೆ," ಅಂದರು. ತಮ್ಮಾ ಅನ್ನಲಿಲ್ಲ. ಅದು ನನ್ನನ್ನು ಚುಚ್ಚಿತು. ಚುಚ್ಚಿದ್ದಕ್ಕೇ ನಾನು ಆ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ವರ್ಷದೊಳಗೆ ಕಾರು ಮಾರಿದೆ. ಆಮೇಲೆ ಗಿರಣಿಯೂ ಹೋಯಿತು, ಹರಿಹರದಲ್ಲಿ ಇಳಿಯುವ ಕಾರಣಗಳೂ ಹೋದವು...

ಹೋದ ತಿಂಗಳು ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಜಾರಿದ ಮರುದಿನ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಶೆಡ್ಡು ಇದ್ದ ಜಾಗದಲ್ಲಿ ಸಿಮೆಂಟ್ ಅಂಗಡಿ. ಹಿಂದಿನ ಮನೆ ಅದೇ. ಫೋರ್ಮನ್ನರು ತೀರಿಕೊಂಡು ಮೂರು ವರ್ಷವಾಯಿತಂತೆ. ಮಗಳು ಅಳಿಯನ ಜೊತೆ ಇರುವ ಅವರ ಹೆಂಡತಿ, ಈಗ ಎಂಬತ್ತರ ಹತ್ತಿರ, ನನ್ನ ಗುರುತು ಹಿಡಿದರು.

"ಕಾರಿನ ತಮ್ಮ ಅಲ್ಲೇನಪ್ಪಾ ನೀನು? ಬಾ, ಕೂಡು. ಅವತ್ತು ನೀನು ಬರದಿದ್ರೆ ನಾನು ಎಲ್ಲಿರ್ತಿದ್ದೆ. ದಾರ್‍ಯಾಗ ಗಾಡಿ ನಿಂತಿದ್ದು ಒಂದೀಟು ನೆನಪೈತೆ. ಯಾಕ ನಿಂತಿತ್ರಿ ಅಂತ ಕೇಳಿದ್ರೆ, ಬಿಸಿಲಿಗೆ ಕಾದಿತ್ತು ಅಂತಿದ್ರು ಇವರು."

ಅಷ್ಟು ವರ್ಷ ಅವರು ಹೆಂಡತಿಗೂ ಹೇಳಿರಲಿಲ್ಲ. ನಾನು ಹೇಳಿದೆ. ಪುಲ್ಲಿಯ ವಿಷಯ, ಮುಚ್ಚಿಟ್ಟಿದ್ದು, ಕೈ ಸುಟ್ಟಿದ್ದು ಹೇಗೆ, ಎಲ್ಲ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ನೀನು ಕಾರು ಮಾರಿದ್ದು ಗೊತ್ತಾದ ದಿನ ಉಣ್ಣಲಿಲ್ಲಪ್ಪ ಇವರು," ಅಂದರು ಕೊನೆಗೆ. "ಹುಡುಗ ಇನ್ನು ಈ ಕಡೆ ಬರಂಗಿಲ್ಲ, ನಾನೇ ದೂರ ಮಾಡಿದೆ ಅನ್ನಿಸ್ತೈತೆ ಅಂದ್ರು. ನನಗೆ ಏನೂ ತಿಳೀಲಿಲ್ಲ ಆವಾಗ. ಒಂದ್ಸಲ ಬಂದು ಹೋಗಬಾರದಿತ್ತಾ?"

ನಾನು ಆಕೆಯ ಕಾಲು ಮುಟ್ಟಿ, ಅವತ್ತು ಆಸ್ಪತ್ರೆಯ ಬೆಂಚಿನ ಮುಂದೆ ಆಡದೆ ಉಳಿಸಿಕೊಂಡಿದ್ದ ಮಾತನ್ನು ಆಡಿದೆ. ಆಕೆ ತಲೆಯ ಮೇಲೆ ಕೈ ಇಟ್ಟು, ಆಯ್ತು ಬಿಡಪ್ಪ ಅಂದರು. ಕೇಳಬೇಕಾಗಿದ್ದವರಿಗೆ ಅದು ಕೇಳಲಿಲ್ಲ.