ರೈಟರ್ ಮನೆಯ ಕಡಲು

ಮೈಲುತುತ್ತಕ್ಕೆ ಸುಣ್ಣದ ನೀರು ಬೆರೆಸುವಾಗ ಒಂದು ವಾಸನೆ ಬರುತ್ತದೆ. ಕಾಫಿ ತೋಟದವರಿಗೆ ಅದು ಮಳೆ ಹತ್ತಿರ ಬಂತು, ಮೆಣಸಿನ ಬಳ್ಳಿಗೆ ಔಷಧಿ ಹೊಡೆಯಬೇಕು ಎಂದು ನೆನಪಿಸುವ ವಾಸನೆ. ನನಗೆ ಮಾತ್ರ ಅದು ಕಡಲಿನ ವಾಸನೆ. ಹೇಳಿದರೆ ಮನೆಯವರೆಲ್ಲ ನಗುತ್ತಾರೆ, ನಗಲಿ. ಮೊನ್ನೆ ಅಂಗಳದಲ್ಲಿ ಆಳುಗಳು ಡ್ರಮ್ಮಿನಲ್ಲಿ ನೀಲಿ ನೀರು ಕದಡುತ್ತಿದ್ದರು. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಮೂಗಿಗೆ ಆ ಘಾಟು ಬಡಿದದ್ದೇ ತಡ, ಬಾಯಮ್ಮ ಬಂದು ಎದುರಿಗೆ ಕೂತ ಹಾಗಾಯಿತು. ಅದೇ ಗಳಿಗೆಗೆ ಗೇಟು ತೆಗೆದ ಸದ್ದೂ ಕೇಳಿಸಿತು... ಬಂದವರು ಯಾರು ಅಂತ ಆಮೇಲೆ ಹೇಳುತ್ತೇನೆ.

ಬಾಯಮ್ಮ ನಮ್ಮ ಪಕ್ಕದ ಎಸ್ಟೇಟಿನ ರೈಟರ ಹೆಂಡತಿ. ಆಳುಗಳ ಹಾಜರಿ ಹಿಡಿಯುವುದು, ಸ್ಟೋರಿನ ಬೀಗದ ಕೈ ಕಾಯುವುದು ರೈಟರ ಕೆಲಸ. ಯಸಳೂರಿನ ರಸ್ತೆಯಲ್ಲಿ ನಮ್ಮ ಬೇಲಿಗೆ ತಾಗಿಕೊಂಡೇ ಅವರ ಕ್ವಾರ್ಟರ್ಸ್ ಇತ್ತು. ರೈಟರು ಇಲ್ಲೇ ಹುಟ್ಟಿ ಬೆಳೆದ ಕ್ರಿಶ್ಚಿಯನ್ನರು, ಮಾತೆಲ್ಲ ನಮ್ಮದೇ. ಆಕೆ ಮಾತ್ರ ಮಂಗಳೂರು ಕಡೆಯ ಕಡಲ ದಂಡೆಯವಳು. ಅಲ್ಲಿ ಅವರ ಹೆಂಗಸರನ್ನು ಬಾಯಮ್ಮ ಎನ್ನುತ್ತಾರಂತೆ, ನಾವೂ ಹಾಗೇ ಕರೆದೆವು. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಬಂದಾಗ ಆಕೆಯ ಕೈಯಲ್ಲಿ ಇದ್ದದ್ದು ಒಂದು ಟ್ರಂಕು, ಮುಖದಲ್ಲಿ ಇದ್ದದ್ದು ಬರೀ ಸಿಡುಕು.

ನನಗೂ ಬಾಯಿ ಸುಮ್ಮನಿರುವುದಿಲ್ಲ. ಅವಳ 'ಉಂಟು' 'ಎಂತದು'ಗಳನ್ನು ಆಡಿಕೊಂಡು ನಗುತ್ತಿದ್ದೆ. ಅವಳು ನನ್ನ 'ಐತೆ'ಯನ್ನು ಎಳೆದೆಳೆದು ಅಣಕಿಸುತ್ತಿದ್ದಳು. ಹೀಗೆ ಜಗಳದಲ್ಲೇ ಸ್ನೇಹವಾಯಿತು. ಆದರೆ ಊರು ಅವಳಿಗೆ ಹಿಡಿಸಲೇ ಇಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಗುಡ್ಡ ಅಡ್ಡ ಬರುತ್ತದೆ, ದೂರ ನೋಡಲಿಕ್ಕೇ ಆಗುವುದಿಲ್ಲ, ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಈ ಗುಡ್ಡ ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ, ನಿನಗೇನು ಧಾಡಿ ಎಂದು ನಾನು ರೇಗುತ್ತಿದ್ದೆ. ಕಡಲು ನೋಡದ ನಿನಗೆ ಏನು ಗೊತ್ತಾಗುತ್ತದೆ, ಒಂದು ಸಲ ಕರೆದುಕೊಂಡು ಹೋಗಿ ತೋರಿಸುತ್ತೇನೆ ಇರು, ಅನ್ನುವಳು.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಟ್ರಂಕು ಇಳಿಸಿ ಸೀರೆ ತುಂಬತೊಡಗಿದಳು. ಕ್ರಿಸ್ಮಸ್ಸಿಗೆ ತವರಿಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಗಂಡನಿಗೆ ಹೇಳಿಬಿಟ್ಟಿದ್ದಳು. ಕಾಫಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ ಮನುಷ್ಯ, ಅವಳ ಹಿಂದೆ ಹೋಗಿ ಮಾಡುವುದೇನು? ಯಾವತ್ತೂ ನಮ್ಮ ಅಡುಗೆಮನೆಯ ಬಾಗಿಲಿಗೆ ಬಾರದವರು ಅವತ್ತು ಬಂದು, ನೀವಾದರೂ ಒಂದು ಮಾತು ಹೇಳಿ ಎಂದು ಕೇಳಿಕೊಂಡರು. ನಾನು ಹೇಳಿದೆ, ಬೈದೆ, ಕೊನೆಗೆ ಅತ್ತೂ ಬಿಟ್ಟೆ. ಅವಳು ಸೀರೆ ಮಡಿಸುತ್ತಲೇ ಇದ್ದಳು.

ರೈಟರಿಗೆ ಆ ಹುಚ್ಚು ಹೊಳೆದದ್ದು ಆಗಲೇ. ಹೆಂಡತಿ ಕಡಲಿಗೆ ಹೋಗದಿರಬೇಕಾದರೆ ಕಡಲನ್ನೇ ಮನೆಗೆ ತರಬೇಕು! ಬಾಯಮ್ಮನ ಅಣ್ಣ ದ್ವೀಪಗಳಿಗೆ ಸಾಮಾನು ಸಾಗಿಸುವ ದೋಣಿಯಲ್ಲಿ ಕೆಲಸಕ್ಕಿದ್ದ. ಅವನ ಹತ್ತಿರ ಕೇಳಿ ಕೇಳಿ ಎಲ್ಲ ತಿಳಿದುಕೊಂಡರು. ಸಕಲೇಶಪುರದಲ್ಲಿ ಫೋಟೋಗೆ ಕಟ್ಟು ಹಾಕುವವನಿಂದ ದಪ್ಪ ಗಾಜು ಕೊಯ್ಯಿಸಿ ಪೆಟ್ಟಿಗೆ ಅಂಟಿಸಿದರು. ಸಿಲ್ವರ್ ಓಕ್ ಹಲಗೆಯಲ್ಲಿ ಮೇಜು, ಮೇಲೆ ಟ್ಯೂಬ್‌ಲೈಟು, ನೀರು ತಿರುಗಿಸಲು ಒಂದು ಪುಟ್ಟ ಪಂಪು. ಇನ್ನು ಉಪ್ಪುನೀರು ಬೇಕಲ್ಲ. ಸ್ಟೋರಿನಲ್ಲಿದ್ದ ಒಂದು ಪ್ಲಾಸ್ಟಿಕ್ ಡ್ರಮ್ಮನ್ನು ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಕೈ ಕೆಂಪಾಗುವಷ್ಟು ಉಜ್ಜಿ ತೊಳೆದು ಬಿಸಿಲಿಗೆ ಕವುಚಿದರು. ಮೀನಿನ ವ್ಯಾನಿನವನು ಅದರಲ್ಲಿ ಕಡಲ ನೀರು ತುಂಬಿಸಿ ಘಾಟಿ ಹತ್ತಿಸಿ ತಂದುಕೊಟ್ಟ. ಮುಂದೆಯೂ ಅದರಲ್ಲೇ ತರುತ್ತಿದ್ದ.

ನೀರು, ಮರಳು, ಹವಳದ ಕಲ್ಲು ಹಾಕಿ ಕೆಲವು ವಾರ ಸುಮ್ಮನೆ ಬಿಡಬೇಕೆಂದು ಅಣ್ಣ ಹೇಳಿದ್ದ. ಬಾಯಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ. ಟ್ರಂಕು ಗೋಡೆಗೆ ಒರಗಿಕೊಂಡೇ ಇತ್ತು. ಆಮೇಲೆ ಒಂದು ಮಧ್ಯಾಹ್ನ ಅಣ್ಣನೇ ಬಂದ. ಅವನ ಕ್ಯಾನಿನಲ್ಲಿ ಒಂದಷ್ಟು ಶಂಖದ ಹುಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಮತ್ತೆ ಒಂದು ಕಡಲ ಹೂವು. ಹೂವು ಅಂದರೆ ಗಿಡದ ಹೂವಲ್ಲ, ಅದೂ ಒಂದು ಪ್ರಾಣಿಯಂತೆ. ಕಲ್ಲಿಗೆ ಅಂಟಿಕೊಂಡು, ಬೆರಳಿನಂಥ ಎಸಳು ಬಿಚ್ಚಿ, ಆ ಮೀನುಗಳನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತದೆ. ಸಂಜೆ ಲೈಟು ಹಾಕಿದಾಗ ಅದು ಮೆಲ್ಲಗೆ ಬಿಚ್ಚಿಕೊಂಡಿತು. ಮೀನುಗಳು ಒಳಗೆ ಹೋಗಿ ಮೈ ಉಜ್ಜಿದವು. ಬಾಯಮ್ಮ ನೆಲದ ಮೇಲೆ ಕೂತು ಗಾಜಿಗೆ ಕೈಯಿಟ್ಟಳು. "ಉಸಿರಾಡ್ತಾ ಉಂಟು ನೋಡು ಮಾರಾಯ್ತಿ," ಎಂದಳು. ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾರನೆ ದಿನ ಟ್ರಂಕು ಗೋಡೆಯ ಪಕ್ಕದಲ್ಲಿ ಇರಲಿಲ್ಲ, ಅಟ್ಟಕ್ಕೆ ಹೋಗಿತ್ತು.

ಆದರೆ ಸುಖ ಹೆಚ್ಚು ದಿನ ಬಾಳಲಿಲ್ಲ. ಶಂಖದ ಹುಳುಗಳು ಒಂದೊಂದೇ ಕಲ್ಲಿನಿಂದ ಉದುರಿ ಬಿದ್ದವು. ಹೂವು ಮುದುಡಿತು. ನಮ್ಮ ಕಡೆ ಆಗ ಕರೆಂಟು ಬಂದರೆ ಹಬ್ಬ. ಪಂಪು ನಿಂತು ನೀರಿಗೆ ಗಾಳಿ ಸಿಗುತ್ತಿಲ್ಲ, ಅದಕ್ಕೇ ಹೀಗೆ ಎಂದು ರೈಟರು ತೀರ್ಮಾನಿಸಿದರು. ಅವರು ತೋಟಕ್ಕೆ ಹೋದಾಗ ಕರೆಂಟು ಹೋದರೆ ನಾವಿಬ್ಬರೇ. ಜಗ್ಗಿನಲ್ಲಿ ನೀರು ಮೊಗೆದು ಮೇಲಿಂದ ಸುರಿಯುವುದು, ಮತ್ತೆ ಮೊಗೆಯುವುದು, ಮತ್ತೆ ಸುರಿಯುವುದು. ತೋಳು ಬಿದ್ದು ಹೋಗುತ್ತಿತ್ತು. ಆದರೆ ಏನು ಹರಟೆ, ಏನು ನಗು! ಅವಳ ಊರಿನ ಅಲೆ, ಅವಳ ಶಾಲೆ, ನನ್ನ ಅತ್ತೆಯ ಪುರಾಣ... ಎಷ್ಟೋ ಸಲ ಕರೆಂಟು ಬಂದರೂ ಗಮನಿಸದೆ ಸುರಿಯುತ್ತಲೇ ಇರುತ್ತಿದ್ದೆವು. ನನ್ನ ಆಯುಸ್ಸಿನಲ್ಲಿ ಅಷ್ಟು ಮಾತನ್ನು ನಾನು ಬೇರೆ ಯಾರ ಹತ್ತಿರವೂ ಆಡಿಲ್ಲ.

ಇಷ್ಟು ಮಾಡಿದರೂ ಹೂವು ಉಳಿಯಲಿಲ್ಲ. ಕೊಳೆತು ನಾರಿದ ಅದನ್ನು ರೈಟರೇ ಎತ್ತಿ ಕಾಫಿ ಗಿಡದ ಬುಡದಲ್ಲಿ ಹೂತರು. ವಿಚಿತ್ರವೆಂದರೆ ಮೀನುಗಳಿಗೆ ಏನೂ ಆಗಿರಲಿಲ್ಲ. ಹೂವಿದ್ದ ಜಾಗಕ್ಕೆ ಬಂದು ಬಂದು ಹುಡುಕುತ್ತಿದ್ದವು. ಬಾಯಮ್ಮ ಹಿಡಿ ಮುರಿದ ಒಂದು ಪಿಂಗಾಣಿ ಕಪ್ಪನ್ನು ಮರಳಿನ ಮೇಲೆ ಅಡ್ಡ ಮಲಗಿಸಿಟ್ಟಳು. ಒಂದು ಬೆಳಿಗ್ಗೆ ನೋಡಿದರೆ ಎರಡೂ ಅದರೊಳಗೆ ಮಲಗಿದ್ದವು.

ಕ್ರಿಸ್ಮಸ್ಸಿಗೆ ಅವಳು ತವರಿಗೆ ಹೋದಳು. ಟ್ರಂಕು ಒಯ್ಯಲಿಲ್ಲ, ಆದರೂ ನನಗೆ ಧೈರ್ಯವಿರಲಿಲ್ಲ. ರೈಟರಂತೂ ಕರೆಂಟು ಹೋದಾಗೆಲ್ಲ ತೋಟದಿಂದ ಓಡಿ ಬಂದು ನೀರು ಸುರಿಯುತ್ತಿದ್ದರು. ಹೊಸ ವರ್ಷ ಕಳೆದು ಕೆಲವು ದಿನಕ್ಕೆ ಬೇಲಿಯ ಆಚೆ ಅವಳ ಸೀರೆ ಕಂಡಿತು. ಓಡಿ ಹೋಗಿ ಕೈ ಹಿಡಿದುಕೊಂಡೆ. ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. ನೀರು ತಂದ ಡ್ರಮ್ಮು ಯಾವುದು ಅಂತ ಅಣ್ಣ ಕೇಳಿದನಂತೆ. ಎಸ್ಟೇಟಿನದ್ದು, ಮೈಲುತುತ್ತ ಕದಡುತ್ತಿದ್ದದ್ದು ಅಂದಳಂತೆ. ಅವನು ತಲೆ ಚಚ್ಚಿಕೊಂಡನಂತೆ. ಮೈಲುತುತ್ತ ಅಂದರೆ ತಾಮ್ರ. ಎಷ್ಟು ತೊಳೆದರೂ ಚೂರು ಉಳಿದೇ ಉಳಿಯುತ್ತದೆ. ಮೀನು ತಡೆದುಕೊಂಡರೂ ಹೂವು, ಹುಳು ತಡೆದುಕೊಳ್ಳುವುದಿಲ್ಲವಂತೆ. ಬರಿಗೈಯಲ್ಲಿ ಅದನ್ನು ಕದಡಿ, ಆಮೇಲೆ ಕೈ ತೊಳೆದು ಊಟಕ್ಕೆ ಕೂರುವ ನಮ್ಮಂಥ ತೋಟದವರಿಗೆ ಅದು ವಿಷ ಅಂತ ಹೊಳೆಯುವುದಾದರೂ ಹೇಗೆ?

ಅವಳು ನನ್ನ ಕೈ ಬಿಡಲಿಲ್ಲ. "ಇವರಿಗೆ ಹೇಳ್ಬೇಡ ಆಯ್ತಾ? ನನಗೋಸ್ಕರ ಕೈ ಸುಲಿಯುವ ಹಾಗೆ ಉಜ್ಜಿ ತೊಳೆದದ್ದು ಅವರು. ತನ್ನಿಂದಲೇ ಸತ್ತದ್ದು ಅಂತ ಗೊತ್ತಾದ್ರೆ ತಡ್ಕೊಳ್ಳುದಿಲ್ಲ. ಯಾರು ಕೇಳಿದ್ರೂ ಕರೆಂಟು ಹೋಗಿ ಸತ್ತದ್ದು, ಅಷ್ಟೇ."

ಆಯ್ತು ಎಂದೆ. ಡ್ರಮ್ಮು ಸೋರುತ್ತದೆ ಎಂದು ಸುಳ್ಳು ಹೇಳಿ ಅವಳು ಹೊಸ ಕ್ಯಾನು ತರಿಸಿದಳು. ರೈಟರು ಇನ್ನೊಂದು ಹೂವು ತರಿಸುತ್ತೇನೆ ಎಂದು ವರ್ಷವರ್ಷವೂ ಕೇಳುತ್ತಿದ್ದರು. ಅವಳು ಒಪ್ಪಲಿಲ್ಲ, ಈ ಕರೆಂಟು ನೆಚ್ಚಿಕೊಂಡು ಬೇಡ ಎನ್ನುತ್ತಿದ್ದಳು. ಅವಳಿಗೆ ಆಸೆಯಿರಲಿಲ್ಲವೆಂದಲ್ಲ. ಕರೆಂಟು ಹಾಗೇ ಹೋಗುತ್ತಿರುವಾಗ ಹೊಸ ಹೂವು ಬದುಕಿಬಿಟ್ಟರೆ, ಹಳೆಯದು ಯಾಕೆ ಸತ್ತಿತು ಎಂದು ಆ ಮನುಷ್ಯ ಯೋಚಿಸದೆ ಇರುತ್ತಾರೆಯೇ? ಅದಕ್ಕೇ ಅವಳು ಕಪ್ಪಿನಲ್ಲಿ ಮಲಗುವ ಮೀನು ನೋಡಿಕೊಂಡೇ ಇದ್ದುಬಿಟ್ಟಳು. ಟ್ರಂಕು ಅಟ್ಟದಿಂದ ಇಳಿಯಲಿಲ್ಲ.

ನಾವು ಕಡಲಿಗೆ ಹೋಗುವುದು ಮಾತ್ರ ಮುಂದೆ ಹೋಗುತ್ತಲೇ ಇತ್ತು. ಒಂದು ವರ್ಷ ಕಾಫಿ ಕೊಯ್ಲು, ಒಂದು ವರ್ಷ ಮಕ್ಕಳ ಪರೀಕ್ಷೆ, ಇನ್ನೊಂದು ವರ್ಷ ಅತ್ತೆಗೆ ಹುಷಾರಿಲ್ಲ... ಎರಡು ಸಾವಿರನೇ ಇಸವಿಯ ಈಚೆಗೆ ಎಸ್ಟೇಟು ಕೈ ಬದಲಾಯಿತು. ಹೊಸಬರು ತಮ್ಮದೇ ರೈಟರನ್ನು ತಂದರು. ಅವಳ ತವರಿನ ಹತ್ತಿರ ಒಂದು ಗೋಡಂಬಿ ಕಾರ್ಖಾನೆಯಲ್ಲಿ ನಮ್ಮ ರೈಟರಿಗೆ ಕೆಲಸ ಸಿಕ್ಕಿತು. ಲಾರಿಯ ಮುಂದಿನ ಸೀಟಿನಲ್ಲಿ ಮೀನಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಿದ್ದಳು. ಕಪ್ಪನ್ನು ನನ್ನ ಕೈಯಲ್ಲಿಟ್ಟು, ಬೇಗ ಬಾ, ದಂಡೆಯಲ್ಲಿ ಕಾಯುತ್ತಿರುತ್ತೇನೆ ಎಂದಳು. ಒಂದು ಕಾಲದಲ್ಲಿ ಇಲ್ಲಿಂದ ಓಡಿಹೋಗಲು ಟ್ರಂಕು ಕಟ್ಟಿದವಳು ಆವತ್ತು ತಿರುವಿನವರೆಗೂ ಗುಡ್ಡವನ್ನೇ ನೋಡುತ್ತಿದ್ದಳು.

ಮೊನ್ನೆ ಗೇಟು ತೆಗೆದು ಬಂದವರು ರೈಟರು. ಒಬ್ಬರೇ ಬಂದಿದ್ದರು. ಅವರು ಅಂಗಳ ದಾಟುವಷ್ಟರಲ್ಲೇ ನಾನು ಅಕ್ಕಿಯ ಮೊರ ಕೆಳಗಿಟ್ಟು ಬಾಗಿಲಿಗೆ ಬಂದೆ. ಬಾಯಮ್ಮ ತೀರಿಹೋಗಿ ತಿಂಗಳಾಯಿತಂತೆ. ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲವಂತೆ. ನಾನು ಅತ್ತು ಮುಗಿಸಿ ಕಾಫಿ ತಂದುಕೊಟ್ಟೆ. ಅದನ್ನು ಕುಡಿಯುತ್ತಾ ಅವರು ಅಂಗಳದ ಕಡೆ ನೋಡಿದರು. ನೀಲಿ ಡ್ರಮ್ಮು ಅಲ್ಲೇ ಎದುರಿಗಿತ್ತು.

"ಅಕ್ಕ, ಆ ಹೂವು ಯಾಕೆ ಸತ್ತೋಯ್ತು ಅಂತ ನಿಮ್ಮತ್ರ ಏನಾರ ಹೇಳಿದ್ಲಾ? ನನ್ ಕೈಯಿಂದ್ಲೇ ಏನಾದ್ರೂ ಆಗ್ಬುಡ್ತೇನೋ ಅಂತ ಒಂದೊಂದ್ಸಲ ಅನ್ನಿಸ್ತೈತೆ."

ನಾನು ಡ್ರಮ್ಮಿನ ಕಡೆ ನೋಡಲಿಲ್ಲ. "ಕರೆಂಟು ಕಣ್ರೀ, ಇನ್ನೇನು? ಅವಳು ಸಾವಿರ ಸಲ ಹೇಳಿದ್ಲು, ಕರೆಂಟು ಹೋಗೇ ಸತ್ತಿದ್ದು ಅಂತ."

ಅವರು ನಿಟ್ಟುಸಿರು ಬಿಟ್ಟು, ನನಗೂ ಅದನ್ನೇ ಹೇಳುತ್ತಿದ್ದಳು ಎಂದರು. ಮುಖ ಹಗುರಾಯಿತು. ಹೊರಡುವಾಗ, ಮನೆಯ ಮುಂದೆಯೇ ಕಡಲಿದೆ, ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದು ಕರೆದರು. ಹ್ಞೂಂ ಎಂದೆ.

ನಾನು ಹೋಗುವುದಿಲ್ಲ. ಹಿಡಿ ಮುರಿದ ಕಪ್ಪು ಅಡುಗೆಮನೆಯ ಗೂಡಿನಲ್ಲಿದೆ, ಮೊನ್ನೆಯಿಂದ ಅದನ್ನು ತೆಗೆದು ತೆಗೆದು ಒರೆಸಿಡುತ್ತಿದ್ದೇನೆ. ಇಷ್ಟು ವಯಸ್ಸಾದರೂ ನಾನು ಕಡಲು ನೋಡಿಲ್ಲ, ನೋಡಿದ್ದು ರೈಟರ್ ಮನೆಯ ಆ ಗಾಜಿನ ಪೆಟ್ಟಿಗೆಯದ್ದೊಂದೇ. ತೋರಿಸುತ್ತೇನೆ ಎಂದವಳೇ ಹೋದ ಮೇಲೆ, ಅಷ್ಟು ದೊಡ್ಡ ನೀರಿನ ಮುಂದೆ ಒಬ್ಬಳೇ ನಿಂತು ನಾನು ಯಾರ ಜೊತೆ ಹರಟಲಿ?