ಅಪ್ಪ ಏರದ ಕುದುರೆ

ನಲವತ್ತರ ಹತ್ತಿರ ಬಂದ ಹೆಂಗಸು, ಅದರಲ್ಲೂ ಮಕ್ಕಳಿಗೆ ಪಾಠ ಹೇಳುವ ಮೇಡಂ, ಭಾನುವಾರ ಬಂದರೆ ಕುದುರೆ ಏರಿ ಗುಡ್ಡ ಸುತ್ತುತ್ತಾಳೆ ಎಂದು ಆಡಿಕೊಳ್ಳುವವರಿಗೆ ಶಹಾಪುರದಲ್ಲಿ ಬರವಿಲ್ಲ. ಆಡಿಕೊಳ್ಳಲಿ. ಕುದುರೆ ನಮ್ಮ ಮನೆಯದು, ಸೊಂಟನೋವು ನನ್ನದು.

ಬಿಳಿ ಹೆಣ್ಣು ಕುದುರೆ ಅದು. ಅಪ್ಪ ಅದನ್ನು ಸಾಕಿದ್ದು ಮದುವೆ ಮೆರವಣಿಗೆಗೆ. ಸುತ್ತಲಿನ ಹಳ್ಳಿಗಳ ಎಷ್ಟೋ ಮದುಮಗಂದಿರು ಅದರ ಮೇಲೆ ಕುಳಿತು ಬೀಗಿದ್ದಾರೆ. ಲಗಾಮು ಹಿಡಿದು ಮುಂದೆ ನಡೆದವನು ಅಪ್ಪ. ಮದುವೆ ಮುಗಿಸಿ ಬರುವಾಗ ಕುದುರೆ ಖಾಲಿ ಇರುತ್ತದಲ್ಲ, ಆಗಲೂ ನಡೆದೇ ಬರುತ್ತಿದ್ದ. ಯಾಕೆಂದು ಕೇಳಿದರೆ, "ಕುದುರಿ ದಣದಿರ್ತದವ್ವ" ಎನ್ನುತ್ತಿದ್ದ.

ನಿಜ ಹೇಳಿದ್ದು ಅವ್ವ. ಗುಡ್ಡದ ಆಚೆಯ ಊರಿನ ಕಟ್ಟೆಯ ಮುಂದೆ ಗೌಡರು ಒಮ್ಮೆ ಅವನನ್ನು ಕುದುರೆಯಿಂದ ಇಳಿಸಿ, "ನಿಮ್ಮ ಕೇರಿಯವ್ರು ಲಗಾಮು ಹಿಡೀಬೇಕು, ಮ್ಯಾಲೆ ಕುಂದ್ರಬಾರ್ದು" ಎಂದಿದ್ದರಂತೆ. ಅಲ್ಲಿಂದಾಚೆ ಅಪ್ಪ ಯಾವ ಊರಲ್ಲೂ ಏರಲಿಲ್ಲ.

ಅದನ್ನು ಕೇಳಿದ ವಾರವೇ ನಾನು ಏರಿದೆ. ಸಿಟ್ಟಿನಿಂದಲೇ ಕಲಿತೆ. ಮೆರವಣಿಗೆಯ ಕುದುರೆ ನೋಡಿ, ತಿರುವು ಬಂದಲ್ಲೆಲ್ಲ ಫೋಟೋ ತೆಗೆಸಿಕೊಳ್ಳಲು ನಿಂತುಬಿಡುತ್ತಿತ್ತು. ನಮ್ಮ ಗುಡ್ಡ ಅರಣ್ಯದವರು ಬೇಲಿ ಹಾಕಿ ಕಾಯುವ ಜಾಗ. ಗೇಟಿನ ಗಾರ್ಡ್ ಪ್ರತಿ ಸಲವೂ, "ಕಾಲುದಾರಿ ಬಿಟ್ಟು ಇಳೀಬ್ಯಾಡ್ರಿ ಮೇಡಂ, ನವಿಲು ಮೊಟ್ಟಿ ಇಟ್ಟಿರ್ತಾವ" ಎಂದು ಹೇಳಿಯೇ ಬಿಡುತ್ತಿದ್ದ. ಅಪ್ಪನೂ ಜೊತೆಗೆ ಬರುತ್ತಿದ್ದ, ನಡೆದುಕೊಂಡೇ. ಏರು ಎಂದರೆ ಕಿವುಡನಾಗುತ್ತಿದ್ದ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಗುಡ್ಡದ ನೆತ್ತಿ ದಾಟಿ ಸೀತಾಫಲದ ಪೊದೆಗಳ ನಡುವೆ ಇಳಿಯುತ್ತಿದ್ದೆವು. ಅಪ್ಪ ಗರಸಿನ ಸಣ್ಣ ಕಲ್ಲುಗಳ ಮೇಲೆ ಜಾರಿ ಬಿದ್ದ. ಎಬ್ಬಿಸುವಷ್ಟರಲ್ಲಿ ಪಾದದ ಹರಡು ಊದಿತ್ತು. ತಿರುಗಿ ಹೋಗಬೇಕೆಂದರೆ ಕಡಿದಾದ ಬಂಡೆಗಳು. ಮುಂದೆ ಇಳಿದರೆ ಗೌಡರ ಅದೇ ಊರು, ಅಲ್ಲಿ ಆಟೋ ಸಿಗುತ್ತದೆ. ಒಂದು ಬಂಡೆಯ ಮೇಲೆ ನಿಲ್ಲಿಸಿ, ಬೈದು, ತಳ್ಳಿ ಅವನನ್ನು ಕುದುರೆಗೆ ಹತ್ತಿಸಿದೆ. ಲಗಾಮು ನಾನು ಹಿಡಿದೆ.

"ಊರು ಬಂದಕೂಡ್ಲೆ ಇಳಿಸಿಬಿಡವ್ವ. ಕುಂಟಿಕೋತ ದಾಟ್ತೀನಿ" ಎಂದ.

"ಇಳಸಂಗಿಲ್ಲ" ಎಂದೆ.

"ನಿನಗ ತಿಳ್ಯಾಂಗಿಲ್ಲ."

"ತಿಳದೇ ಹೇಳಾಕತ್ತೀನಿ. ಸುಮ್ಮ ಕುಂದ್ರು."

ಮಾತು ದೊಡ್ಡದಾಗಿತ್ತು, ಆದರೆ ಕಟ್ಟೆ ಕಂಡಾಗ ಲಗಾಮನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಅದೇ ಗೌಡರು, ಈಗ ಮುದುಕರು, ನಾಲ್ಕು ಜನರ ನಡುವೆ ಕುಳಿತಿದ್ದರು. ಅಪ್ಪ ಇಳಿಯಲು ಕಾಲೆತ್ತಿದ. ನಾನು ಅವನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕುದುರೆಯೋ, ಜನ ಕಂಡಿದ್ದೇ ತಡ, ಕಟ್ಟೆಯ ಎದುರಿಗೇ ನಿಂತುಬಿಟ್ಟಿತು.

ಗೌಡರು ಕಣ್ಣು ಕಿರಿದು ಮಾಡಿ ನೋಡಿದರು. "ಏನಪಾ, ಕುದುರಿ ಏರಿ ಬಂದೀ? ಕಾಲಿಗೇನರ ಆಗೇದೇನು?"

ಕನಿಕರವೋ, ಕುಹಕವೋ, ಇವತ್ತಿಗೂ ಗೊತ್ತಿಲ್ಲ. ಹೌದು ಎಂದರೆ ಮುಗಿಯಿತು, ಯಾರೂ ತಡೆಯುತ್ತಿರಲಿಲ್ಲ. ಹೌದು ಎನ್ನಬೇಡಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿದ.

"ಕಾಲಿಗೇನಾಗಿಲ್ರಿ ಗೌಡ್ರ. ಕುದುರಿ ನಂದದರಿ, ಅದಕ್ಕ ಕುಂತೀನಿ."

ಊದಿದ ಪಾದ ಅವರೆಲ್ಲರ ಮೂಗಿನ ಮುಂದೆಯೇ ನೇತಾಡುತ್ತಿತ್ತು.