ಹದಿನೇಳು ಡಿಗ್ರಿ ತೋರಿಸಿದ ಫೋಟೊ

ನಮ್ಮೂರ ಪಕ್ಕದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷದ ಡಿಸೆಂಬರ್. ಆಗ ನಾನು ಗೋಪಾಳದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ, ಗೈಡ್ಸ್ ದಳದ ಕ್ಯಾಪ್ಟನ್ ಕೂಡ. ಪ್ರತಿ ಚಳಿಗಾಲ ಹುಡುಗಿಯರನ್ನು ಎರಡು ರಾತ್ರಿ ಟೆಂಟಿನಲ್ಲಿ ಮಲಗಿಸುವ ಶಿಬಿರ ನಡೆಸಬೇಕಿತ್ತು. ಯಾವಾಗ ನಡೆಸಬಾರದು ಎಂದು ಹೇಳುವುದೂ ನನ್ನದೇ ಕೆಲಸ.

ನನ್ನದೊಂದು ನಿಯಮವಿತ್ತು. ಶಿಬಿರಕ್ಕೆ ಮುಂಚಿನ ಮೂರು ದಿನ, ಬೆಳಗಿನ ಐದೂವರೆಗೆ, ಬಯಲಿನ ಮಧ್ಯೆ ಎದೆಯೆತ್ತರದ ಗೂಟಕ್ಕೆ ಥರ್ಮಾಮೀಟರ್ ತೂಗುಹಾಕಿ ನೋಡಬೇಕು. ಹದಿನಾಲ್ಕು ಡಿಗ್ರಿಗಿಂತ ಕೆಳಗಿದ್ದರೆ ಟೆಂಟ್ ಇಲ್ಲ. ಮೊಬೈಲ್ ಹೇಳುವುದು ಊರೊಳಗಿನ ಹವೆ, ಗದ್ದೆಬಯಲಿನ ಇಬ್ಬನಿ ಅದಕ್ಕೇನು ಗೊತ್ತು? ಸ್ಟಾಫ್‌ರೂಮಿನಲ್ಲಿ ನನಗೆ 'ಡಿಗ್ರಿ ಮೇಡಂ' ಎಂದೇ ಹೆಸರು ಬಿದ್ದಿತ್ತು.

ಆ ಸಲದ ಜಾಗ ಭದ್ರಾವತಿಯ ಹೊರಗೆ, ಕಬ್ಬಿನ ಗದ್ದೆಗಳ ನಡುವಿನ ಬಯಲು. ಅಲ್ಲಿನ ಶಾಲೆಯೊಂದರ ಕ್ಯಾಪ್ಟನ್ ವಸಂತ ಹದಿನೆಂಟು ವರ್ಷಗಳಿಂದ ನನ್ನ ಗೆಳತಿ; ಆ ಸಲ ಎರಡೂ ದಳಗಳಿಗೆ ಒಂದೇ ಶಿಬಿರ. ನನಗೆ ಆಪರೇಷನ್ ಆದ ವರ್ಷ ನನ್ನ ದಳವನ್ನೂ ಅವಳೇ ನಡೆಸಿದ್ದಳು. ಥರ್ಮಾಮೀಟರನ್ನು ಅವಳ ಕೈಗೇ ಕೊಟ್ಟೆ. ಮೂರು ಬೆಳಿಗ್ಗೆಯೂ ಫೋಟೊ ಬಂತು: 17, 17, 18. ಕೊನೆಯದರ ಜೊತೆ, "ಇನ್ನಾದ್ರೂ ಹೂಂ ಅನ್ನು ಮಾರಾಯ್ತಿ" ಎಂದಿತ್ತು. ಹೂಂ ಎಂದೆ.

ನಮ್ಮ ಒಂಬತ್ತನೇ ತರಗತಿಯ ದೀಪಾಗೆ ಅಸ್ತಮಾ. ಆಲ್ಕೊಳದಲ್ಲಿ ಹೊಲಿಗೆ ಮಾಡುವ ಅವಳ ಅಮ್ಮ ಲಲಿತಾ ಹಿಂದೆಮುಂದೆ ನೋಡುತ್ತಿದ್ದರು. ಫೋಟೊ ತೋರಿಸಿ ಧೈರ್ಯ ಹೇಳಿದೆ. "ನಿಮ್ಮ ಮಾತಿನ ಮೇಲೆ ಕಳಿಸ್ತೀನಿ ಮೇಡಂ" ಎಂದರು.

ಮೊದಲ ರಾತ್ರಿ ಕಳೆದು ಬೆಳಗಾಗುವಾಗ ಟೆಂಟಿನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ದೀಪಾ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಇನ್‌ಹೇಲರ್‌ಗೆ ಉಬ್ಬಸ ಜಗ್ಗಲಿಲ್ಲ, ತುಟಿ ನೀಲಿಗಟ್ಟುತ್ತಿತ್ತು. ಅವಳನ್ನೆತ್ತಿಕೊಂಡು ಓಡುವಾಗ, ಹಿಂದಿನ ಸಂಜೆ ನಾನೇ ಗೂಟಕ್ಕೆ ಕಟ್ಟಿದ್ದ ಥರ್ಮಾಮೀಟರ್ ಕಣ್ಣಿಗೆ ಬಿತ್ತು. ಹನ್ನೊಂದು.

ಭದ್ರಾವತಿಯ ಆಸ್ಪತ್ರೆಯಲ್ಲಿ ಎರಡು ಸಲ ನೆಬ್ಯುಲೈಜರ್ ಹಿಡಿದ ಮೇಲೆ ಅವಳ ಉಸಿರು ಹಿಡಿತಕ್ಕೆ ಬಂತು. ಬಸ್ಸಿಳಿದು ಓಡಿಬಂದ ಲಲಿತಾ ನನ್ನನ್ನು ಬೈಯಲಿಲ್ಲ. ಮಗಳ ಕಾಲಿಗೆ ಸಾಕ್ಸ್ ಹಾಕುತ್ತ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಿಬಿರ ಮುಗಿಸಲು ಬಯಲಿಗೆ ಮರಳಿದೆ. ಒಂದೇ ದಿನದಲ್ಲಿ ಏಳು ಡಿಗ್ರಿ ಇಳಿದದ್ದು ಹೇಗೆಂದು ತಲೆ ಕೆಡುತ್ತಿತ್ತು. ಪಕ್ಕದಲ್ಲೇ ಒಂದು ಆಲೆಮನೆ, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಜಾಗ. ಅಲ್ಲಿ ಒಲೆ ಉರಿಸುವ ಮುನಿಯಪ್ಪ ಮಗು ಹೇಗಿದೆಯೆಂದು ವಿಚಾರಿಸಿಕೊಂಡು ಬಂದವನು, ಗೂಟದ ಥರ್ಮಾಮೀಟರ್ ಕಡೆ ಕೈ ತೋರಿಸಿ ತಾನಾಗಿಯೇ ಹೇಳಿದ: "ಆ ಮೇಡಮ್ಮೋರು ಮೂರು ದಿನಾನೂ ನಮ್ಮ ಒಲೆ ಹಿಂದಿನ ಗೋಡೆಗೆ ಅದನ್ನ ನೇತಾಕಿದ್ರು. ಇಲ್ಲಿ ಚಳಿ ಗೊತ್ತಾಗಲ್ಲ ಅಂತ ನಾನೂ ಅಂದೆ. ಗೊತ್ತಾಗೋದು ಬ್ಯಾಡ ಅಂದ್ರು."

ವಸಂತಳನ್ನು ಕೇಳಿದೆ. ಅವಳು ಅಲ್ಲಗಳೆಯಲಿಲ್ಲ. ಟೆಂಟಿನಲ್ಲಿ ಮಲಗದಿದ್ದರೆ ಅವಳ ಹತ್ತನೇ ತರಗತಿಯ ಹುಡುಗಿಯರಿಗೆ ಗೈಡ್ಸ್ ಪ್ರಶಸ್ತಿಯ ಪರೀಕ್ಷೆ ತಪ್ಪುತ್ತಿತ್ತಂತೆ. ಮೂರು ವರ್ಷ ಕಾದವರು, ಮುಂದಿನ ವರ್ಷ ಶಾಲೆಯಲ್ಲೇ ಇರುವುದಿಲ್ಲ.

"ನಿಜ ಹೇಳಿದ್ರೆ ನೀನು ಒಪ್ತಾನೇ ಇರ್ಲಿಲ್ಲ" ಎಂದಳು.

"ಅದಕ್ಕೇ ಅಲ್ವಾ ನಿನಗೆ ನೋಡು ಅಂತ ಥರ್ಮಾಮೀಟರ್ ಕೊಟ್ಟಿದ್ದು" ಎಂದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆವತ್ತಿನ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಆಮೇಲೆ ನಾವಿಬ್ಬರೂ ಜೊತೆಯಾಗಿ ಶಿಬಿರ ನಡೆಸಲಿಲ್ಲ, ಅವಳ ಮಗಳ ಮದುವೆಗೂ ನಾನು ಹೋಗಲಿಲ್ಲ.

ಅಂದು ಸಂಜೆ ವರದಿ ಬರೆಯಲು ಕೂತು ಆ ಮೂರು ಫೋಟೊಗಳನ್ನು ತೆರೆದೆ. ಮೂರರಲ್ಲೂ ಗೂಟವಿರಲಿಲ್ಲ. ಥರ್ಮಾಮೀಟರಿನ ಹಿಂದೆ ಮಸಿ ಹಿಡಿದ ಕಪ್ಪು ಗೋಡೆ ಎದ್ದು ಕಾಣುತ್ತಿತ್ತು. ಅದನ್ನು ಅವಳು ಮುಚ್ಚಿಟ್ಟಿರಲಿಲ್ಲ, ನಾನು ನೋಡಿರಲಿಲ್ಲ. ಅಂಕಿಯನ್ನು ಓದುವ ಮೊದಲು ಅದರ ಸುತ್ತ ಏನಿದೆ ಎಂದು ನೋಡಬೇಕು ಅನ್ನುವುದನ್ನು ನನ್ನ ಕೆಲಸ ಅಷ್ಟು ತಡವಾಗಿ ಕಲಿಸಿತು. ಬೇರೆ ಯಾರೇ ಕಳಿಸಿದ್ದರೂ, ಇದು ಯಾವ ಗೋಡೆ ಎಂದು ಮೊದಲ ದಿನವೇ ಕೇಳುತ್ತಿದ್ದೆ.